ಹತ್ತನೇ ಬ, ನಲವತ್ತೆರಡು

ಬಸ್ಸು ಕುಲುಕಿದಾಗಲೆಲ್ಲ ಚೀಲದೊಳಗಿನ ಪುಸ್ತಕ ಜಯವ್ವನ ಪಕ್ಕೆಗೆ ತಿವಿಯುತ್ತಿತ್ತು. ಮೋಟೆಬೆನ್ನೂರು ದಾಟುವ ಹೊತ್ತಿಗೆ ಆಕೆ ಅದನ್ನು ಮೂರು ಸಲ ಮುಟ್ಟಿ ನೋಡಿದ್ದಳು. ಅಡಿಯಲ್ಲಿ ಪುಸ್ತಕ, ಅದರ ಮೇಲೊಂದು ಹಳೇ ಟವೆಲ್ಲು, ಟವೆಲ್ಲಿನ ಮೇಲೆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ. ಯಾರಾದರೂ ಚೀಲ ತೆಗೆದು ನೋಡಿದರೆ ಬುತ್ತಿ ಕಾಣಬೇಕು, ಪುಸ್ತಕ ಕಾಣಬಾರದು ಎಂದು ಹಾಗೆ ಇಟ್ಟಿದ್ದಳು. ಬಿಸಿಯೂಟದ ಅಡುಗೆಯವಳ ಚೀಲವನ್ನು ಯಾರು ತಾನೇ ತೆಗೆದು ನೋಡುತ್ತಾರೆ? ಆದರೂ ಬ್ಯಾಡಗಿಯಿಂದ ಹಾವೇರಿಯ ತನಕ ಆಕೆಯ ಕೈ ಚೀಲದ ಬಾಯಿ ಬಿಡಲಿಲ್ಲ.

ಅವತ್ತು ಹಾವೇರಿಗೆ ದಿಲ್ಲಿಯಿಂದ ಸಂಸತ್ತಿನ ಸಮಿತಿಯೊಂದು ಬರುವುದಿತ್ತು. ಸರಕಾರದ ಶಿಕ್ಷಣ ನೀತಿ ಜಿಲ್ಲೆಗಳಲ್ಲಿ ಹೇಗೆ ನಡೆದಿದೆ, ಹರೆಯದ ಮಕ್ಕಳ ಮೈ ಮನಸ್ಸು ಹೇಗಿವೆ ಎಂದು ಸ್ವತಃ ಕಂಡು, ಕೇಳಿ, ವರದಿ ಬರೆಯುವ ಸಮಿತಿ. ಎರಡು ವಾರದಿಂದ ಜಿಲ್ಲೆಯ ಶಾಲೆಗಳಲ್ಲಿ ಪಾಠ ನಿಂತು ಸುಣ್ಣ ಬಳಿಯುವ ಕೆಲಸ ನಡೆದಿತ್ತು. ನೂರಕ್ಕೆ ನೂರು ಫಲಿತಾಂಶ ಬಂದ ನಾಲ್ಕು ಶಾಲೆಗಳನ್ನು ಆರಿಸಿ, ಹೆಡ್ಮಾಸ್ತರ, ಒಬ್ಬ ಶಿಕ್ಷಕಿ, ಒಬ್ಬ ಅಡುಗೆಯವಳು, ಹಾಜರಿ ಪುಸ್ತಕ, ಇವಿಷ್ಟನ್ನು ಸಭೆಗೆ ತರಬೇಕೆಂದು ಮೇಲಿನಿಂದ ಕಾಗದ ಬಂದಿತ್ತು. ಅಡುಗೆಯವಳು ಯಾರು ಎಂಬ ಪ್ರಶ್ನೆ ಬಂದಾಗ ಹೆಡ್ಮಾಸ್ತರ ವಿರೂಪಾಕ್ಷಪ್ಪನವರು ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. ಇನ್ನೊಬ್ಬ ಅಡುಗೆಯವಳು ಹಸೀನಾಬಿಯ ಬಾಯಿ ಜೋರು. ಜಯವ್ವ ಬಾಯಿ ಸತ್ತವಳು. ಜಯವ್ವನೇ ಆಗಬೇಕು.

"ಮೂರು ಮಾತು ಹೇಳು, ಅಷ್ಟ," ಎಂದು ಅವರು ಹಿಂದಿನ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಲಿಸಿದ್ದರು. "ಊಟ ಚೊಲೋ ಐತಿ ಅನ್ನು. ಮಕ್ಕಳು ಖುಷಿಲೇ ಉಣ್ತಾರ ಅನ್ನು. ಸರಕಾರಕ್ಕ ನಮಸ್ಕಾರ ಅಂತ ಕೈ ಮುಗಿ. ನಾಕನೇ ಮಾತು ಬಂದ್ರ ನೋಡು ಮತ್ತ."

"ಹೂಂ ರಿ," ಅಂದಿದ್ದಳು ಜಯವ್ವ.

"ಚೊಲೋ ಸೀರಿ ಉಟಗೊಂಡು ಬಾ."

ಅದಕ್ಕೂ ಹೂಂ ಅಂದಿದ್ದಳು. ಅವರು ಅತ್ತ ಹೋದ ಮೇಲೆ ಕಪಾಟಿನ ಮೇಲಿನ ಉಪ್ಪಿನ ಡಬ್ಬಿ ಸರಿಸಿ, ಅದರ ಕೆಳಗೆ ಎಣ್ಣೆ ಕುಡಿದು ಬಿದ್ದಿದ್ದ ಹೋದ ವರ್ಷದ ಊಟದ ಪುಸ್ತಕವನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದ್ದಳು. ಆಕೆಯ ನಾಲ್ಕನೇ ಮಾತು ಅದರಲ್ಲಿತ್ತು.

ಆ ಪುಸ್ತಕದ ಸಂಗತಿ ಇಷ್ಟೇ. ದಿನಾ ಎರಡನೇ ಪಿರಿಯಡ್ಡಿಗೆ ಪ್ರತಿ ತರಗತಿಯಿಂದ ಒಬ್ಬೊಬ್ಬರು ಅಡುಗೆಮನೆಗೆ ಬಂದು ಅವತ್ತು ಎಷ್ಟು ಜನ ಬಂದಿದ್ದಾರೆಂದು ಹೇಳಿ ಹೋಗುವುದು ಆ ಶಾಲೆಯ ಪದ್ಧತಿ. ಆ ಲೆಕ್ಕದ ಮೇಲೆ ಅಕ್ಕಿ ಅಳೆಯಬೇಕು. ಹತ್ತನೇ ಬ ತರಗತಿಯಿಂದ ಬರುತ್ತಿದ್ದವಳು ಜಯವ್ವನ ಮಗಳು ಮೀನಾಕ್ಷಿ. ಬಾಗಿಲಲ್ಲಿ ನಿಂತು, ಎದುರಿಗಿರುವವಳು ತನ್ನ ತಾಯಿಯೇ ಅಲ್ಲವೇನೋ ಎಂಬಷ್ಟು ಗತ್ತಿನಲ್ಲಿ, "ಹತ್ತನೇ ಬ, ನಲವತ್ತೆರಡು!" ಅನ್ನುತ್ತಿದ್ದಳು. ಆಮೇಲೆ ಎಲ್ಲ ತರಗತಿಗಳ ಅಂಕಿಗಳನ್ನೂ ಊಟದ ಪುಸ್ತಕದಲ್ಲಿ ತಾನೇ ಬರೆದು ಓಡುತ್ತಿದ್ದಳು. ಯಾಕೆಂದರೆ ಜಯವ್ವನಿಗೆ ಬರೆಯಲು ಬರುತ್ತಿರಲಿಲ್ಲ, ಹಸೀನಾಬಿಗೂ ಬರುತ್ತಿರಲಿಲ್ಲ. ಬಿಸಿಯೂಟದ ಉಸ್ತುವಾರಿಯ ಪುಷ್ಪಲತಾ ಟೀಚರು ಬರೆಯಬೇಕಿತ್ತು, ಅವರಿಗೆ ಪುರುಸೊತ್ತು ಇರುತ್ತಿರಲಿಲ್ಲ. ಶನಿವಾರಕ್ಕೊಮ್ಮೆ ಬಂದು ಇಡೀ ವಾರದ ಸಹಿ ಒಮ್ಮೆಗೇ ಹಾಕಿ ಹೋಗುತ್ತಿದ್ದರು.

ಮೀನಾಕ್ಷಿಗೆ ಗಣಿತ ಬರುತ್ತಿರಲಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ಅರೆವಾರ್ಷಿಕ ಪರೀಕ್ಷೆಯಲ್ಲಿ ಎರಡರಲ್ಲೂ ಫೇಲು. ಆದರೆ ಶಾಲೆ ತಪ್ಪಿಸಿದವಳಲ್ಲ. ಜ್ವರ ಬಂದ ದಿನವೂ ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಿದ್ದಳು. ಕೂಗುವ ಕೆಲಸ ಬೇರೆಯವರ ಪಾಲಾದೀತು ಎಂಬ ಹೆದರಿಕೆ ಆಕೆಗೆ.

ಫಲಿತಾಂಶ ಇಳಿದರೆ ಅನುದಾನ ನಿಲ್ಲುತ್ತದೆಂಬ ಮಾತು ಆಗ ಎಲ್ಲ ಶಾಲೆಗಳಲ್ಲೂ ಓಡಾಡುತ್ತಿತ್ತು. ಅನುದಾನ ನಿಂತರೆ ಮಾಸ್ತರರ ಪಗಾರ ನಿಂತಂತೆ. ಹೀಗಿರುವಾಗ ಹೆಡ್ಮಾಸ್ತರರು ಏನು ಮಾಡಬೇಕು? ದಡ್ಡ ಮಕ್ಕಳಿಗೆ ಪಾಠ ಹೇಳಬಹುದಿತ್ತು. ಅದು ಕಷ್ಟದ ಕೆಲಸ. ಅದಕ್ಕಿಂತ ಹಗುರಾದದ್ದು ಒಂದಿತ್ತು. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದವರು ಪರೀಕ್ಷೆಗೆ ಕೂರುವಂತಿಲ್ಲ. ಜನವರಿಯ ಒಂದು ಭಾನುವಾರ ವಿರೂಪಾಕ್ಷಪ್ಪನವರು ಪೇಟೆಯಿಂದ ಹೊಸದೊಂದು ಹಾಜರಿ ಪುಸ್ತಕ ತರಿಸಿ, ತರಗತಿಯ ಶಿಕ್ಷಕಿಯಾದ ಪುಷ್ಪಲತಾ ಟೀಚರನ್ನು ಕರೆಸಿ, ಹಳೆಯದನ್ನು ನೋಡಿಕೊಂಡು ಹೊಸದು ಬರೆಯಲು ಹೇಳಿದರು. ಫೇಲಾಗುವಂತಿದ್ದ ಐದು ಮಕ್ಕಳ ಹೆಸರುಗಳ ಮುಂದೆ ಮಾತ್ರ ಅರವತ್ತೊಂದು ದಿನ ಗೈರು ಹಾಕಿಸಿದರು. ಟೀಚರು ಮಧ್ಯಾಹ್ನದ ತನಕ ಬರೆದರು. ಹಳೆಯ ಪುಸ್ತಕವನ್ನು ಹೆಡ್ಮಾಸ್ತರರು ಮನೆಗೆ ಒಯ್ದು ನೀರೊಲೆಗೆ ಹಾಕಿದರು. ಎಲ್ಲ ಅಚ್ಚುಕಟ್ಟಾಗಿಯೇ ನಡೆಯಿತು. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಕೆಳಗೆ ಇನ್ನೊಂದು ಪುಸ್ತಕ ಇದೆಯೆಂಬುದು ಮಾತ್ರ ಇಬ್ಬರಿಗೂ ನೆನಪಾಗಲಿಲ್ಲ. ಅಡುಗೆಮನೆಯನ್ನು ಯಾರು ನೆನೆಸುತ್ತಾರೆ!

ಅರವತ್ತೊಂದು ದಿನ ಗೈರು, ಪರೀಕ್ಷೆಗೆ ಕೂರುವಂತಿಲ್ಲ ಎಂದು ಶಾಲೆಯ ಮುದ್ರೆ ಒತ್ತಿದ ಕಾಗದ ಐದೂ ಮನೆಗಳಿಗೆ ಹೋಯಿತು. ಐದು ಮಕ್ಕಳಲ್ಲಿ ಒಬ್ಬ ಹುಡುಗ ರಾಣೆಬೆನ್ನೂರಿನ ಗ್ಯಾರೇಜು ಸೇರಿದ, ಮೂವರು ಹೊಲಗೆಲಸಕ್ಕೆ ಹೋದರು. ಹುಡುಗರ ಹಾಜರಿ ಕಡಿಮೆಯಾದರೆ ಊರು, ಉಡಾಳ ಅಂದು ಸುಮ್ಮನಾಗುತ್ತದೆ. ಮೀನಾಕ್ಷಿಯೊಬ್ಬಳು ಹುಡುಗಿ. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುವ ಆಕೆಯ ಅಪ್ಪ ಮೈಲಾರೆಪ್ಪನನ್ನು ಜೊತೆಯವನೊಬ್ಬ ನಾಲ್ಕು ಜನರ ನಡುವೆ ಕೇಳಿದ:

"ಅರವತ್ತೊಂದು ದಿನ ಅಂತಲ್ಲೋ ಮೈಲಾರಿ! ಸಾಲಿಗಂತ ಹೇಳಿ ನಿನ್ ಮಗಳು ಎಲ್ಲಿಗೆ ಹೊಕ್ಕಿದ್ಲು?"

ಮೈಲಾರೆಪ್ಪ ಅವತ್ತು ಅರ್ಧ ಕೆಲಸ ಬಿಟ್ಟು ಮನೆಗೆ ಬಂದ. ಜೀವಮಾನದಲ್ಲಿ ಮೊದಲ ಸಲ ಮಗಳ ಮೇಲೆ ಕೈ ಮಾಡಿದ.

"ನಾ ದಿನಾ ಹೋಗೇನಪ್ಪಾ! ಒಂದಿನಾನೂ ಬಿಟ್ಟಿಲ್ಲ!"

"ಹಂಗಂದ್ರ ಈ ಕಾಗದ ಏನು? ಸಿಕ್ಕಾ ಹೊಡದು ಸುಳ್ಳು ಬರೀತಾರೇನ?"

ಜಯವ್ವ ನಡುವೆ ಬಂದಳು. "ನಾ ನನ್ ಕೈಯಾರೆ ಬಡಿಸೇನಿ ಅಕಿಗೆ ದಿನಾ! ನನ್ನ ಮಾತು ಕೇಳ್ರಿ."

"ನೀ ತಾಯಿ. ಮುಚ್ಚಿ ಹಾಕಾಕಿನ ನೀನು," ಅಂದ ಆತ. ಅದು ಆತನ ಕೊನೆಯ ಮಾತಾಗಿತ್ತು. ಓದು ಬಾರದ ಮನುಷ್ಯ ಸಿಕ್ಕಾ ಬಿದ್ದ ಕಾಗದಕ್ಕೆ ಹೆದರಿದಷ್ಟು ದೇವರಿಗೂ ಹೆದರುವುದಿಲ್ಲ. ಹೆಂಡತಿಯ ಕಣ್ಣಿಗಿಂತ, ಮಗಳ ಬಾಯಿಗಿಂತ ಆ ದುಂಡನೆಯ ನೀಲಿ ಗುರುತೇ ಆತನಿಗೆ ದೊಡ್ಡದಾಯಿತು.

ಮೀನಾಕ್ಷಿ ಆ ದಿನದಿಂದ ಮಾತು ಬಿಟ್ಟಳು. ಹಟಕ್ಕೆ ಬಿಟ್ಟಳೆಂದು ಮೊದಲು ಅನ್ನಿಸಿತ್ತು. ಒಂದು ವಾರವಾಯಿತು, ಒಂದು ತಿಂಗಳಾಯಿತು. ಪರೀಕ್ಷೆ ಬಂತು, ಹೋಯಿತು. ಓಣಿಯ ಹುಡುಗಿಯರು ಪಾಸಾಗಿ ಪೇಡೆ ಹಂಚಲು ಬಂದರು. ಈಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕೇಳಿದ್ದಕ್ಕೆ ತಲೆ ಆಡಿಸುವಳು, ಕಸ ಹೊಡೆಯುವಳು, ಅರ್ಧ ರೊಟ್ಟಿ ತಿಂದು ಏಳುವಳು. ಅನ್ನ ಮುಟ್ಟುತ್ತಿರಲಿಲ್ಲ. ಹದಿನಾರು ವರ್ಷದ ಹುಡುಗಿ ದಿನವಿಡೀ ಬಾಗಿಲ ಹಿಂದೆ ಕೂತಿರುತ್ತಿದ್ದಳು.

ಹೆಡ್ಮಾಸ್ತರರ ಹತ್ತಿರ ಹೋಗಿ ಕೇಳಿರಲಿಲ್ಲವೆಂದಲ್ಲ. "ನೋಡು ಜಯವ್ವಾ," ಎಂದಿದ್ದರು ಅವರು, ಸಿಟ್ಟಿನಿಂದಲ್ಲ, ತಾವೇ ಸೋತವರ ದನಿಯಲ್ಲಿ. "ಮ್ಯಾಲಿನವ್ರು ನನ್ನ ರಿಸಲ್ಟ್ ಕೇಳ್ತಾರ. ಗಣಿತ ಏನು ಅರದು ಕುಡಸ್ಲೇನು ನಾ? ಮುಂದಿನ ವರ್ಸ ಪರೀಕ್ಷಾ ಖಾಸಗಿ ಕಟ್ಟಸೂಣು ಬಿಡು. ನಿನಗ ಈ ಕೆಲಸ ಬೇಕೋ, ಬ್ಯಾಡೋ?"

ಈಗ ಜುಲೈ. ರಾಣೆಬೆನ್ನೂರಿನ ಹತ್ತಿರದ ಹಲಗೇರಿಯಿಂದ ಒಂದು ಸಂಬಂಧ ಬಂದಿತ್ತು. ಗಂಡಿಗೆ ಮೂವತ್ತೆರಡು, ಮೊದಲ ಹೆಂಡತಿ ಬಿಟ್ಟು ಹೋದವನು. ಬರುವ ಭಾನುವಾರ ಮಾತು ಮುಗಿಸಲು ಬರುತ್ತೇವೆಂದು ಹೇಳಿ ಕಳಿಸಿದ್ದರು. ಜಯವ್ವ ಅತ್ತಳು, ಕಾಲು ಹಿಡಿದಳು. ಕಡೆಗೆ ಮೈಲಾರೆಪ್ಪ ಒಂದು ಮಾತು ಕೊಟ್ಟ: "ಅಕಿ ದಿನಾ ಸಾಲಿಗೆ ಹೋಗ್ಯಾಳಂತ ಸರಕಾರದಿಂದ ಬರಸ್ಕೊಂಡು ಬಾ. ಸಿಕ್ಕಾ ಇರಬೇಕು. ಅವತ್ತ ಹಲಗೇರಿಯವ್ರಿಗೆ ಬರಬ್ಯಾಡ್ರಿ ಅಂತೇನಿ."

ಆ ಒಂದು ಕಾಗದಕ್ಕಾಗಿ ಆಕೆ ಚೀಲ ಅವುಚಿಕೊಂಡು ಹಾವೇರಿಯಲ್ಲಿ ಬಸ್ಸಿಳಿದಳು.

ಸಭಾಂಗಣದ ಹೊರಗೆ ಕುರ್ಚಿಗಳ ಸಾಲಿನಲ್ಲಿ ಪುಷ್ಪಲತಾ ಟೀಚರು ಹಾಜರಿ ಪುಸ್ತಕಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಜಯವ್ವ ಹತ್ತಿರ ಹೋಗಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು.

"ಅಕ್ಕಾರ, ನಮ್ ಮೀನಾಕ್ಷಿ ಮಾತಾಡಾಕ ಒಲ್ಲಳ್ರೀ ಇನ್ನೂ."

ಟೀಚರು ಸುತ್ತ ನೋಡಿದರು. "ಇಲ್ಲಿ ಅದೆಲ್ಲಾ ಬ್ಯಾಡ ಜಯವ್ವಾ."

"ಒಳಗ ಕೇಳಿದ್ರ ನೀವು ಒಂದ ಒಂದು ಮಾತು ಹೇಳ್ರಿ. ಬಂದಾಳ ಅನ್ರಿ, ಸಾಕು. ನಿಮಗ ಗೊತ್ತೈತಿ."

"ನನ್ನ ನೌಕರಿ ಅಪ್ರೂವಲ್ ಇನ್ನಾ ಬಂದಿಲ್ಲ. ನಾಕ ವರ್ಸ ಆತು ಕಾಯಾಕತ್ತಿ," ಎಂದರು ಟೀಚರು. ಅದಕ್ಕೂ ಇದಕ್ಕೂ ಏನು ಸಂಬಂಧವೆಂದು ಜಯವ್ವನಿಗೆ ತಿಳಿಯಲಿಲ್ಲ. ಮೀನಾಕ್ಷಿಗೆ ಹೊಸ ಪೆನ್ನು ಕೊಟ್ಟಿದ್ದು ಇದೇ ಟೀಚರು, ಅಂಕಿ ದುಂಡಗೆ ಬರೆಯುತ್ತೀ ಎಂದು ಹೊಗಳಿದ್ದೂ ಇವರೇ. ಕೆಟ್ಟವರಲ್ಲ ಎಂದುಕೊಂಡು ಎದ್ದು ನಿಂತಳು.

ಒಳಗೆ ತಂಪಿನ ಮಿಷನ್ನು ಹಾಕಿದ್ದರು. ಉದ್ದ ಮೇಜಿನ ಆಚೆ ಬದಿಗೆ ಸಮಿತಿಯವರು ಐದು ಜನ. ಎದುರಿಗೆ ಗೋಡಂಬಿ, ಬಿಸ್ಕೀಟು, ನೀರಿನ ಬಾಟಲಿ. ಗೋಡೆಯ ಮೇಲೆ ಬಣ್ಣಬಣ್ಣದ ಕಂಬಗಳ ಚಿತ್ರ ಬೀಳುತ್ತಿತ್ತು. ಕಂಬ ಎತ್ತರವಾದಷ್ಟೂ ಜಿಲ್ಲೆಯ ಮಕ್ಕಳು ಜಾಣರಾಗಿದ್ದಾರೆಂದು ಅರ್ಥವಂತೆ. ವಿಷಯ ಪರಿವೀಕ್ಷಕ ರುದ್ರಮುನಿಯವರು ಹಿಂದಿಗೂ ಕನ್ನಡಕ್ಕೂ ದುಭಾಷಿಯಾಗಿ ನಿಂತಿದ್ದರು. ಮಕ್ಕಳ ಮನಸ್ಸಿನ ಆರೋಗ್ಯಕ್ಕೆ ಏನು ಮಾಡಿದ್ದೀರಿ ಎಂದು ಒಬ್ಬ ಸದಸ್ಯರು ಕೇಳಿದಾಗ, ಮಕ್ಕಳು ತಮ್ಮ ಕಷ್ಟ ಬರೆದು ಹಾಕಲೆಂದು ಪ್ರತಿ ಪ್ರೌಢಶಾಲೆಯಲ್ಲೂ ಆಪ್ತ ಸಲಹಾ ಪೆಟ್ಟಿಗೆ ಇಡಲಾಗಿದೆ ಎಂದು ಅಧಿಕಾರಿಗಳು ಉತ್ತರ ಕೊಟ್ಟರು. ಜಯವ್ವನ ಶಾಲೆಯಲ್ಲೂ ಅಂಥದೊಂದು ಪೆಟ್ಟಿಗೆ ಇತ್ತು. ಬಂದ ವಾರವೇ ಅದರ ಕೀಲಿ ಕಳೆದಿತ್ತು. ಈಗ ಅದರಲ್ಲಿ ಹಲ್ಲಿ ಮೊಟ್ಟೆ ಇಡುತ್ತದೆ.

ಐವರಲ್ಲಿ ಒಬ್ಬಾಕೆ ಹೆಂಗಸು. ನರೆತ ಕೂದಲು, ಖಾದಿ ಸೀರೆ, ಮೂಗಿನ ತುದಿಗೆ ಕನ್ನಡಕ. ಉಳಿದವರು ಗೋಡಂಬಿ ಮೆಲ್ಲುತ್ತಿದ್ದರೆ ಈಕೆ ಬರೆದುಕೊಳ್ಳುತ್ತಿದ್ದಳು. ವಿರೂಪಾಕ್ಷಪ್ಪನವರು ಎದ್ದು ನೂರಕ್ಕೆ ನೂರರ ಕಥೆ ಹೇಳಿ ಮುಗಿಸಿದ ಮೇಲೆ ಆಕೆ ಕೇಳಿದ ಪ್ರಶ್ನೆಯನ್ನು ರುದ್ರಮುನಿಯವರು ಕನ್ನಡಕ್ಕೆ ತಂದರು: "ಒಬ್ಬರೂ ನಪಾಸಾಗದ ಶಾಲೆಯನ್ನು ನಾನು ಕಂಡಿಲ್ಲ. ನಪಾಸಾಗುವ ಮಕ್ಕಳೆಲ್ಲ ಎಲ್ಲಿಗೆ ಹೋದರು ಅಂತ ಮೇಡಂ ಕೇಳ್ತಾ ಇದ್ದಾರೆ."

ಜಯವ್ವ ಚೀಲದ ಬಾಯಿ ಸಡಿಲಿಸಿದಳು. ಇದನ್ನೇ ಅಲ್ಲವೇ ತಾನು ಐದು ತಿಂಗಳಿಂದ ಕೇಳುತ್ತಿರುವುದು! ದಿಲ್ಲಿಯಿಂದ ಬಂದ ಈ ತಾಯಿಗೆ ಹೇಗೆ ಗೊತ್ತಾಯಿತು?

"ಐದು ಮಕ್ಕಳು ಹಾಜರಿ ಕೊರತಿ ರಿ," ಎಂದರು ವಿರೂಪಾಕ್ಷಪ್ಪನವರು. "ಪಾಲಕರಿಗೆ ಆಸಕ್ತಿ ಇಲ್ಲ ಮೇಡಂ. ಮಕ್ಕಳು ಸಾಲಿಗಂತ ಹೇಳಿ ಹೊಂಟು, ಎಲ್ಲೆಲ್ಲೋ ಅಡ್ಡಾಡ್ತಾವ. ನಾವಾದ್ರೂ ಏನ್ ಮಾಡೂಣು?"

ಜಯವ್ವ ಮೂಲೆಯಲ್ಲಿ ನಿಂತಿದ್ದಳು. ಮಾತು ನೆಟ್ಟಗೆ ಬಂದು ಮುಖಕ್ಕೆ ಬಡಿಯಿತು. ಆ ಹೊತ್ತಿಗೇ ರುದ್ರಮುನಿಯವರು, "ಈಗ ಬಿಸಿಯೂಟದ ಅಡುಗೆಯವರು ಎರಡು ಮಾತು ಹೇಳ್ತಾರೆ," ಎಂದು ಆಕೆಯನ್ನು ಮುಂದಕ್ಕೆ ಕರೆದರು.

"ಊಟ ಚೊಲೋ ಐತ್ರಿ," ಅಂದಳು ಜಯವ್ವ. "ಮಕ್ಕಳು ಖುಷಿಲೇ ಉಣ್ತಾವರಿ." ಅಲ್ಲಿಗೆ ನಿಂತಳು. ಹೆಡ್ಮಾಸ್ತರರು ಕೈ ಮುಗಿ ಎಂದು ಕಣ್ಣಲ್ಲೇ ಹೇಳಿದರು. ಆಕೆ ಕೈ ಮುಗಿಯಲಿಲ್ಲ. ಚೀಲಕ್ಕೆ ಕೈ ಹಾಕಿ, ಅವಸರದಲ್ಲಿ ರೊಟ್ಟಿಯ ಗಂಟನ್ನು ಆ ಹೊಳೆಯುವ ಮೇಜಿನ ಮೇಲೇ ಇಟ್ಟು, ಟವೆಲ್ಲು ಕಿತ್ತು, ಪುಸ್ತಕ ಹೊರಗೆ ತೆಗೆದು ಆ ಹೆಂಗಸಿನ ಮುಂದೆ ಇಟ್ಟಳು.

"ನನ್ ಮಗಳು ಎಲ್ಲೂ ಅಡ್ಡಾಡಿಲ್ಲರೀ ಯವ್ವಾ. ದಿನಾ ಸಾಲಿಗೆ ಬಂದಾಳ. ಬಂದು ಉಂಡಾಳ. ಇದರಾಗ ಐತಿ ನೋಡ್ರಿ. ಹತ್ತನೇ ಬ ನೋಡ್ರಿ."

ರುದ್ರಮುನಿಯವರು ಇದ್ದದ್ದು ಇದ್ದಂತೆ ಹಿಂದಿಯಲ್ಲಿ ಹೇಳಿದರು. ಅದಕ್ಕೆ ಆ ಮನುಷ್ಯನನ್ನು ಮೆಚ್ಚಬೇಕು. ಹೆಂಗಸು ಪುಟ ತಿರುವಿದಳು. ಅಂಕಿ ಓದಲು ಭಾಷೆ ಬೇಕಾಗಲಿಲ್ಲ. ಹಾಜರಿ ಪುಸ್ತಕ ತರಿಸಿ ಪಕ್ಕದಲ್ಲಿ ಬಿಡಿಸಿಕೊಂಡು, ಪೆನ್ನಿನ ತುದಿಯಿಂದ ಒಂದೊಂದೇ ದಿನ ಒತ್ತುತ್ತ ಹೋದಳು. ಆಗಸ್ಟ್ ಎಂಟು: ಇಲ್ಲಿ ಮೂವತ್ತೇಳು, ಅಲ್ಲಿ ನಲವತ್ತೆರಡು. ಒಂಬತ್ತು: ಮೂವತ್ತೇಳು, ನಲವತ್ತೆರಡು. ಗೋಡಂಬಿ ತಿನ್ನುವವರು ಕೈ ನಿಲ್ಲಿಸಿದರು. ವಿರೂಪಾಕ್ಷಪ್ಪನವರ ಕಿವಿಯ ಹಿಂದೆ ಬೆವರು ಇಳಿಯುವುದು ಜಯವ್ವನಿಗೆ ಕಂಡಿತು. ಗೆದ್ದೆ ಅಂದುಕೊಂಡಳು. ಮನೆಗೆ ಹೋಗಿ ಮಗಳ ಮುಂದೆ ಕಾಗದ ಹಿಡಿಯುವುದು, ಮೈಲಾರೆಪ್ಪ ತಲೆ ತಗ್ಗಿಸುವುದು, ಎಲ್ಲ ಕಣ್ಣ ಮುಂದೆ ಬಂದು ಹೋಯಿತು.

"ಎರಡರಲ್ಲಿ ಒಂದು ಸುಳ್ಳು," ಎಂದರು ರುದ್ರಮುನಿಯವರು, ಆ ಹೆಂಗಸಿನ ಪರವಾಗಿ. "ಯಾವುದು ಅಂತ ತರಗತಿ ಶಿಕ್ಷಕಿ ಹೇಳಬೇಕು."

ಪುಷ್ಪಲತಾ ಟೀಚರು ಎದ್ದು ನಿಂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಜಯವ್ವ ಅವರನ್ನೇ ನೋಡುತ್ತಿದ್ದಳು. ಅವರು ಜಯವ್ವನನ್ನು ನೋಡಲಿಲ್ಲ.

"ಹಾಜರಿ ಪುಸ್ತಕ ಖರೇ ರಿ."

"ಊಟದ ಪುಸ್ತಕದಲ್ಲೂ ನಿಮ್ಮ ಸಹಿ ಇದೆಯಲ್ಲ?"

"ವಾರಕ್ಕೊಮ್ಮೆ ಹಾಕ್ತಿದ್ದೆ ರಿ. ನಂಬಿ ಹಾಕ್ತಿದ್ದೆ."

"ಅಂಕಿ ಬರೆದವರು ಯಾರು?"

ಉತ್ತರ ಕೊಟ್ಟವಳು ಜಯವ್ವ. ಅದೂ ಎಂಥ ಹೆಮ್ಮೆಯಿಂದ! "ನನ್ ಮಗಳ್ರೀ! ದಿನಾ ಅಕೀನ ಬಂದು ಬರದಾಳ. ಸಾಲಿಗೆ ಬರಲಾರದಾಕಿ ಹೆಂಗ ಬರೀತಾಳ್ರೀ? ನೀವ ಹೇಳ್ರಿ!"

ಇದನ್ನೂ ರುದ್ರಮುನಿಯವರು ಒಂದಕ್ಷರ ಬಿಡದೆ ಹಿಂದಿಗೆ ತಂದರು. ಹೆಂಗಸು ಕನ್ನಡಕ ತೆಗೆದು ಜಯವ್ವನ ಮುಖ ನೋಡಿದಳು. ಇಷ್ಟು ಹೊತ್ತು ಆ ಕಣ್ಣಲ್ಲಿದ್ದ ಕರುಣೆ ಸಣ್ಣಗೆ ಹಿಂದೆ ಸರಿಯಿತು. ಅದನ್ನು ಮೊದಲು ಕಂಡವರು ವಿರೂಪಾಕ್ಷಪ್ಪನವರು. ಮೂವತ್ತು ವರ್ಷದ ನೌಕರಿ ಅವರಿಗೆ ಮತ್ತೇನು ಕಲಿಸದಿದ್ದರೂ ಮೇಲಿನವರ ಮುಖ ಓದುವುದನ್ನು ಕಲಿಸಿತ್ತು.

"ಮೇಡಂ, ತಪ್ಪು ನಂದ," ಎಂದು ಅವರು ಕೈ ಜೋಡಿಸಿದರು. "ಬಡವ್ರು ಅಂತ ನಂಬಿ ಅಡಗಿಮನಿ ಬಿಟ್ಟಕೊಟ್ಟಿದ್ದೆ. ಪುಸ್ತಕ ಮನಿಗೆ ಒಯ್ದು ಮಗಳ ಕಡೆಯಿಂದ ಬರಸ್ಯಾಳ. ಇವತ್ತೂ ನೋಡ್ರಿ, ಸಾಲಿ ಪುಸ್ತಕ ಎಲ್ಲಿಂದ ಬಂತು? ಆಕಿ ಚೀಲದಾಗಿಂದ ಬಂತು. ರೊಟ್ಟಿ ಬುಡಕ ಮುಚ್ಚಿಟ್ಟಿದ್ಲು."

ಎಲ್ಲರೂ ಮೇಜಿನ ಮೇಲಿನ ರೊಟ್ಟಿಯ ಗಂಟು ನೋಡಿದರು. ಒಬ್ಬ ಸದಸ್ಯರು ಆಗಲೇ ಕಾಗದದ ಮೇಲೆ ಗುಣಿಸುತ್ತಿದ್ದರು: ಐದು ಮಕ್ಕಳು, ಅರವತ್ತೊಂದು ದಿನ, ತಲೆಗಿಷ್ಟು ಅಕ್ಕಿ. ಮೊತ್ತ ಬಂದಾಗ ನಾಲಿಗೆ ಲೊಚಗುಟ್ಟಿದರು. ಒಂದೇ ಶಾಲೆಯಲ್ಲಿ ಇಷ್ಟಾದರೆ ಇಡೀ ಜಿಲ್ಲೆಯಲ್ಲಿ ಎಷ್ಟು, ಇಡೀ ರಾಜ್ಯದಲ್ಲಿ ಎಷ್ಟು ಎಂದು ಮಾತು ಎದ್ದಿತು. ನಪಾಸಾಗುವ ಮಕ್ಕಳು ಎಲ್ಲಿಗೆ ಹೋದರೆಂಬ ಪ್ರಶ್ನೆ ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಅಕ್ಕಿ ಎಲ್ಲಿಗೆ ಹೋಯಿತೆಂಬುದು ಅದಕ್ಕಿಂತ ಸುಲಭದ ಪ್ರಶ್ನೆ.

"ಅಕ್ಕಿ ಸುದ್ದಿ ಅಲ್ಲರೀ ಇದು!" ಜಯವ್ವ ಕೂಗಿದಳು. ಬಾಯಿ ಸತ್ತವಳು ಕೂಗಿದ್ದು ಅದೇ ಮೊದಲು. "ಒಂದು ಕಾಳು ಮುಟ್ಟಿಲ್ಲ ನಾನು, ಯಾವ ದೇವರ ಮುಂದರ ನಿಂದರಸ್ರಿ. ನನ್ ಮಗಳು ಸಾಲಿಗೆ ಬಂದಾಳಂತ ಬರದು ಕೊಡ್ರಿ, ಸಾಕು! ಸಿಕ್ಕಾ ಹೊಡದು ಕೊಡ್ರಿ ಯವ್ವಾ! ಭಾನುವಾರ ಅವ್ರು ಬರ್ತಾರ್ರೀ!"

ಭಾನುವಾರ ಯಾರು ಬರುತ್ತಾರೆಂದು ಕೇಳುವಷ್ಟು ಹೊತ್ತು ಯಾರಿಗೂ ಇರಲಿಲ್ಲ. ಅಧ್ಯಕ್ಷರು ಗಡಿಯಾರ ನೋಡಿದರು. ಊಟದ ಸಮಯ ಮೀರಿತ್ತು. ಖಾದಿ ಸೀರೆಯ ಹೆಂಗಸು ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡು, ಅದರ ಕೆಳಗೆ ಎರಡು ಗೆರೆ ಎಳೆದು, ಬೇಸರದಿಂದ ಎದ್ದಳು. ತಾನು ಅವತ್ತು ಒಂದು ಕಳ್ಳತನ ಹಿಡಿದೆನೆಂದು ಆಕೆ ಖರೆಯಾಗಿಯೂ ನಂಬಿದ್ದಳು. ಊಟದ ಪುಸ್ತಕವನ್ನು ಸಾಕ್ಷಿಗೆಂದು ತೆಗೆದಿಟ್ಟುಕೊಂಡರು. ರೊಟ್ಟಿಯ ಗಂಟನ್ನು ಜವಾನನೊಬ್ಬ ತಂದು ಜಯವ್ವನ ಕೈಗೆ ಕೊಟ್ಟ.

ತಿರುಗಿ ಬರುವ ಬಸ್ಸಿನಲ್ಲಿ ಪುಷ್ಪಲತಾ ಟೀಚರು ಎರಡು ಸೀಟು ಮುಂದೆ ಕೂತಿದ್ದರು. ಬ್ಯಾಡಗಿ ಬರುವ ತನಕ ಒಮ್ಮೆಯೂ ಹಿಂದಕ್ಕೆ ತಿರುಗಲಿಲ್ಲ. ಇಳಿಯುವಾಗ ಚಪ್ಪಲಿಯ ಬಾರು ಹರಿಯಿತು. ಅದನ್ನು ಕೈಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲಿ ಲಗುಬಗೆಯಿಂದ ನಡೆದು ಹೋದರು.

ಮರುದಿನ ಪತ್ರಿಕೆಯಲ್ಲಿ ಬಂತು: ಬಿಸಿಯೂಟದ ಅಕ್ಕಿ ಸೋರಿಕೆ, ಸಂಸದೀಯ ಸಮಿತಿ ಗರಂ. ಅದರ ಕೆಳಗೆ ಇನ್ನೊಂದು ಸಣ್ಣ ಸುದ್ದಿ: ಮಕ್ಕಳ ಯೋಗಕ್ಷೇಮಕ್ಕೆ ಜಿಲ್ಲೆಯ ಕ್ರಮ, ಸಮಿತಿ ಮೆಚ್ಚುಗೆ. ಪೆಟ್ಟಿಗೆಯನ್ನೇ ಮೆಚ್ಚಿರಬೇಕು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹಸೀನಾಬಿ ಬಂದಳು. ಒಂದು ಕೈಯಲ್ಲಿ ಹೆಡ್ಮಾಸ್ತರರು ಕೊಟ್ಟ ಲಕೋಟೆ, ಇನ್ನೊಂದರಲ್ಲಿ ಅಡುಗೆಮನೆಯಲ್ಲಿ ಉಳಿದಿದ್ದ ಜಯವ್ವನ ಸಾಮಾನು: ಒಂದು ಹಳೇ ಸೀರೆಯ ತುಂಡು, ಎಲೆಯಡಿಕೆಯ ಚೀಲ, ಉಣ್ಣುವ ಒಂದು ಸ್ಟೀಲ್ ಗಂಗಾಳ.

"ನಂಗೂ ಹೇಳ್ಯಾರ ಜಯವ್ವಾ, ಬಾಯಿ ಬಿಟ್ರ ನಿಂದೂ ಇದ ಗತಿ ಅಂತ," ಅಂದಳು ಹಸೀನಾಬಿ. ಅಷ್ಟು ಜೋರು ಬಾಯಿಯವಳು ಪಿಸುಗುಟ್ಟುತ್ತಿದ್ದಳು. "ಮಕ್ಕಳು ಅದಾವ ನಂಗ. ಬೈಕೋಬ್ಯಾಡ." ಕಣ್ಣೊರೆಸಿಕೊಂಡು ಹೋದಳು. ಜಯವ್ವ ಬೈಯಲಿಲ್ಲ.

ಮೈಲಾರೆಪ್ಪ ಲಕೋಟೆ ಒಡೆದ. ಕಾಗದದ ತುದಿಯಲ್ಲಿ ದುಂಡನೆಯ ನೀಲಿ ಸಿಕ್ಕಾ ಇತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ನೋಡಿದ. ಮನೆಯಲ್ಲಿ ಓದು ಬರುವವಳು ಒಬ್ಬಳೇ. ಬಾಗಿಲ ಹಿಂದೆ ಕೂತಿದ್ದ ಮಗಳ ಕಡೆ ಚಾಚಿದ.

"ಓದು."

ಮೀನಾಕ್ಷಿ ಕಾಗದವನ್ನು ನೋಡಿದಳು. ತೆಗೆದುಕೊಂಡಳು. ಜಯವ್ವ ಒಲೆಯ ಮುಂದೆ ಕೂತವಳು ಬೆನ್ನು ತಿರುಗಿಸಿಯೇ ಇದ್ದಳು. ಆಮೇಲೆ ಆ ದನಿ ಬಂತು. ಮೊದಲು ತುಕ್ಕು ಹಿಡಿದ ಹಾಗೆ, ಆಮೇಲೆ ತರಗತಿಯಲ್ಲಿ ಎದ್ದು ನಿಂತು ಓದುವ ಹುಡುಗಿಯ ದನಿಯಲ್ಲಿ, ಒಂದೊಂದು ಶಬ್ದವೂ ಬಿಡಿಬಿಡಿಯಾಗಿ.

"ಸದರಿ ಅಡುಗೆಯವರು ಶಾಲೆಗೆ ಹಾಜರಿಲ್ಲದ ಐದು ವಿದ್ಯಾರ್ಥಿಗಳು ಅರವತ್ತೊಂದು ದಿನ ಊಟ ಮಾಡಿರುವುದಾಗಿ, ತಮ್ಮ ಮಗಳ ಕೈಯಿಂದ ಸುಳ್ಳು ಲೆಕ್ಕ ಬರೆಸಿರುವುದು ಪರಿಶೀಲನೆಯಿಂದ ಸಾಬೀತಾಗಿರುವುದರಿಂದ, ಅವರನ್ನು ಈ ಕೂಡಲೇ ಕೆಲಸದಿಂದ ತೆಗೆದುಹಾಕಲಾಗಿದೆ."

ಐದು ತಿಂಗಳ ಮೇಲೆ ಕೇಳಿದ ದನಿ. ಜಯವ್ವನಿಗೆ ಅರ್ಥದ ಕಡೆ ಲಕ್ಷ್ಯವೇ ಹೋಗಲಿಲ್ಲ. ಇನ್ನೂ ಓದಲಿ, ಇನ್ನೊಂದು ಪುಟ ಇರಬಾರದೇ ಅನ್ನಿಸಿತು. ಕಾಗದ ಅಷ್ಟಕ್ಕೇ ಮುಗಿದಿತ್ತು.

"ಅಂದ್ರ ಏನು?" ಕೇಳಿದ ಮೈಲಾರೆಪ್ಪ.

"ನಾ ಉಂಡಿಲ್ಲಂತ, ಅಪ್ಪಾ."

ಮೈಲಾರೆಪ್ಪ ಕಾಗದ ವಾಪಸು ತೆಗೆದುಕೊಂಡ. ಸಿಕ್ಕಾದ ಮೇಲೆ ಹೆಬ್ಬೆರಳು ಆಡಿಸಿದ. ಏನೋ ಕೇಳಬೇಕೆಂದು ಬಾಯಿ ತೆರೆದು ಮಗಳನ್ನು ನೋಡಿದ, ಹೆಂಡತಿಯ ಬೆನ್ನು ನೋಡಿದ. ಕೇಳಲಿಲ್ಲ. "ಎರಡ ಸಲ ಬರದಾರ," ಎಂದು ತನಗೆ ತಾನೇ ಹೇಳಿಕೊಂಡ. ಕಾಗದವನ್ನು ಮಡಚಿ, ಮೊದಲಿನ ಕಾಗದ ಇಟ್ಟಿದ್ದ ಟ್ರಂಕಿನೊಳಗೇ ಇಟ್ಟು, ಚಪ್ಪಲಿ ಮೆಟ್ಟಿದ.

"ಹಲಗೇರಿಯವ್ರು ನಾಳೆ ಹತ್ತಕ್ಕ ಬರ್ತಾರ. ಅಕಿಗೆ ಒಂದು ಚೊಲೋ ಸೀರಿ ತಗದಿಡು," ಅಂದು ಹೊರಗೆ ಹೋದ.

ಜಯವ್ವ ಹಸೀನಾಬಿ ತಂದ ಗಂಗಾಳ ತೊಳೆದಳು. ಮೀನಾಕ್ಷಿ ಶಾಲೆ ಬಿಟ್ಟಾಗ ಅಡುಗೆಮನೆಯಲ್ಲೇ ಬಿಟ್ಟು ಬಂದದ್ದು ಅದು. ತಳದಲ್ಲಿ ಕಂಪಾಸಿನ ಮೊನೆಯಿಂದ ಕೆತ್ತಿಕೊಂಡಿದ್ದಳು: ಮೀನಾಕ್ಷಿ ಮೈಲಾರೆಪ್ಪ, ಹತ್ತನೇ ಬ. ಜಯವ್ವ ಗಡಿಗೆಯಲ್ಲಿದ್ದ ಅನ್ನವನ್ನೆಲ್ಲ ಅದಕ್ಕೆ ಬಡಿಸಿ, ಸಾರು ಹಾಕಿ, ಮಗಳ ಮುಂದೆ ಇಟ್ಟಳು.

ಮೀನಾಕ್ಷಿ ಗಂಗಾಳ ಹತ್ತಿರ ಎಳೆದುಕೊಂಡಳು. ಅನ್ನ ಕಲಸಿದಳು. ಒಂದು ತುತ್ತು ಬಾಯಿಗೆ ಹೋಯಿತು, ಆಮೇಲೆ ಇನ್ನೊಂದು. ಅನ್ನ ತಗ್ಗುತ್ತ ಬಂದ ಹಾಗೆ ತಳದ ಗೀರುಗಳು ಒಂದೊಂದೇ ಕಾಣತೊಡಗಿದವು. ಜಯವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಕೊನೆಯ ತುತ್ತು ಏಳುವ ತನಕ ಆಕೆ ಅದನ್ನೇ ನೋಡುತ್ತ ಎದುರಿಗೆ ಕೂತಿದ್ದಳು.